ತೂಕದ ಮನುಷ್ಯನ ಹಗುರ ಕಾರು

"ಮಗನ ಗಾಡಿನಾ ಸಾರ್?"

ಹೊಸ ಕಾರು ಮನೆಗೆ ತಂದ ದಿನ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೇಳಿದ್ದು ಇದನ್ನೇ. ಅವನದೇನೂ ತಪ್ಪಿಲ್ಲ. ವಯಸ್ಸು ಐವತ್ತೆರಡು, ತಲೆಯ ಮೇಲೆ ಎಣಿಕೆಗೆ ಸಿಗುವಷ್ಟೇ ಕೂದಲು, ಶರ್ಟಿನ ನಾಲ್ಕನೆಯ ಗುಂಡಿ ಯಾವ ಕ್ಷಣದಲ್ಲಿ ರಾಜೀನಾಮೆ ಕೊಡುತ್ತದೋ ಹೇಳಲಾಗದ ಪರಿಸ್ಥಿತಿ, ವೃತ್ತಿ ಆಡಿಟರ್. ಇಂಥವನೊಬ್ಬ, ಬಂಪರಿನ ಅಂಚಿಗೆಲ್ಲ ಕೆಂಪು ಪಟ್ಟಿ ಬಳಿದ, ಹಿಂದುಗಡೆ ಜೋಡಿ ಸೈಲೆನ್ಸರ್ ಇರುವ, ಗುರ್ರೆನ್ನುವ ಪುಟಾಣಿ ಕಾರಿನಿಂದ ಇಳಿದರೆ ಯಾರಾದರೂ ಅದನ್ನೇ ಕೇಳುತ್ತಾರೆ. ಇಳಿದರೆ ಅಂದೆನಲ್ಲ, ಅದು ಇಳಿಯುವುದಲ್ಲ. ಸೀಟು ಅಷ್ಟು ಕೆಳಗಿದೆ. ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ, ಮೊದಲು ಬಾಗಿಲ ಚೌಕಟ್ಟು ಹಿಡಿದು, ಒಮ್ಮೆ "ರಾಮಾ" ಅಂದು, ನನ್ನನ್ನು ನಾನೇ ಮೇಲಕ್ಕೆ ಸೇದಿಕೊಳ್ಳಬೇಕು.

"ಅಲ್ಲಪ್ಪ, ನಂದೇ" ಅಂದೆ.

"ದೊಡ್ಡ ಗಾಡಿ ಸರ್ವಿಸಿಗೆ ಬಿಟ್ಟಿದ್ದೀರಾ?"

"ಮಾರಿಬಿಟ್ಟೆ."

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ದನಿ ತಗ್ಗಿಸಿ, "ಎಲ್ಲಾ ಸರಿಹೋಗ್ತದೆ ಬಿಡಿ ಸಾರ್" ಅಂದ. ಸಂಜೆಯೊಳಗೆ ನಾನು ಷೇರುಪೇಟೆಯಲ್ಲಿ ಮುಳುಗಿಹೋದ ಸುದ್ದಿ ಮೂರು ಮಹಡಿ ಹತ್ತಿತ್ತು. ನಾಲ್ಕನೆಯ ಮಹಡಿಯವರು ಮೊದಲೇ ಮೃದು ಸ್ವಭಾವದವರು; ಮಾರನೆಯ ದಿನ ಬೆಳಿಗ್ಗೆ ಬಂದು, ಕಾಫಿ ಕುಡಿದು, ಅದೂ ಇದೂ ಮಾತಾಡಿ, ಹೊರಡುವಾಗ ತಮ್ಮ ಇನ್‌ಕಮ್ ಟ್ಯಾಕ್ಸ್ ಫೈಲು ವಾಪಸ್ ಕೇಳಿದರು.

ನಮ್ಮ ಭಾಷೆಯೇ ಹಾಗೆ. ತೂಕ ಅನ್ನುವುದು ನಮ್ಮಲ್ಲಿ ಮರ್ಯಾದೆಯ ಇನ್ನೊಂದು ಹೆಸರು. ತೂಕದ ಮನುಷ್ಯ, ತೂಕದ ಮಾತು. ಹಗುರ ಅನ್ನುವುದು ಬೈಗುಳಕ್ಕೆ ಎರಡು ಹೆಜ್ಜೆ ಈಚೆ. ಹಗುರವಾಗಿ ಮಾತಾಡಬೇಡ, ನಾಲ್ಕು ಜನರ ಮುಂದೆ ನನ್ನನ್ನು ಹಗುರ ಮಾಡಬೇಡ. ಇಂಗ್ಲೆಂಡಿನಲ್ಲಿ ಲೋಟಸ್ ಕಾರುಗಳನ್ನು ಹುಟ್ಟುಹಾಕಿದ ಕಾಲಿನ್ ಚಾಪ್‌ಮನ್ ಎಂಬಾತ, ಎಂಜಿನ್ ದೊಡ್ಡದು ಮಾಡುವುದಕ್ಕಿಂತ ಕಾರನ್ನು ಹಗುರ ಮಾಡಿ ಎಂದು ಬದುಕಿಡೀ ಸಾರಿದ. ಪಾಪ, ಅವನಿಗೆ ಕನ್ನಡ ಬರುತ್ತಿರಲಿಲ್ಲ.

ಆ ದೊಡ್ಡ ಗಾಡಿಯ ಬಗ್ಗೆ ನಾಲ್ಕು ಮಾತು ಹೇಳಬೇಕು. ಜರ್ಮನ್ ಸೆಡಾನು. ಹೆಸರು ಬೇಡ, ನನ್ನ ಪೆದ್ದುತನಕ್ಕೆ ಅದು ಹೊಣೆಯಲ್ಲ. ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, 374 ಪಿಎಸ್ ಶಕ್ತಿ, ತೂಕ ಸುಮಾರು 1,750 ಕೆಜಿ, ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು 4.4 ಸೆಕೆಂಡು. ಬಾಗಿಲು ಹಾಕಿದರೆ ಬ್ಯಾಂಕಿನ ಲಾಕರ್ ಮುಚ್ಚಿದ ಸದ್ದು. ಕಲ್ಯಾಣ ಮಂಟಪಕ್ಕೆ ಹೋದರೆ ಪಾರ್ಕಿಂಗಿನ ಹುಡುಗರು ಸೀಟಿ ಊದಿಕೊಂಡು ಓಡಿಬಂದು, ವರನ ಕಾರಿನ ಪಕ್ಕದಲ್ಲಿ ಜಾಗ ಮಾಡಿಕೊಡುತ್ತಿದ್ದರು. ಒಂದು ಮದುವೆಯಲ್ಲಂತೂ ಓಲಗದವರು ನನ್ನನ್ನೇ ಎದುರುಗೊಂಡು ಹತ್ತು ಹೆಜ್ಜೆ ಊದಿಕೊಂಡು ಬಂದರು. ನಾನು ನಿಲ್ಲಿಸಲಿಲ್ಲ.

ಮತ್ತೆ ಮಾರಿದ್ದು ಯಾಕೆ? ಲೆಕ್ಕ. ಒಂದು ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿಬಿಟ್ಟೆ. ಆಡಿಟರುಗಳು ರಾತ್ರಿ ಹೊತ್ತು ಮಾಡಬಾರದ ಕೆಲಸ ಅದು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮಿತಿ ನೂರು ಕಿಲೋಮೀಟರ್. ಕ್ಯಾಮೆರಾ ಇದೆ. 2024ರ ಆಗಸ್ಟಿನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಬೇರೆ. ಅಂದರೆ ನನ್ನ ಕಾರಿನ ಪ್ರತಾಪ ಶುರುವಾಗಿ 4.4 ಸೆಕೆಂಡಿಗೆ ಕಾನೂನು ಶುರುವಾಗುತ್ತದೆ. ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ನೂರಕ್ಕೆ 18ರಂತೆ ರಸ್ತೆ ತೆರಿಗೆ ಕಟ್ಟಿ, ಮೇಲೆ ಸೆಸ್ ಕಟ್ಟಿ, ನಾನು ಕೊಂಡದ್ದು ಆ 4.4 ಸೆಕೆಂಡನ್ನು. ಅದೂ ಮೈಸೂರಿಗೆ ಹೋದಾಗ. ಉಳಿದ ದಿನಗಳಲ್ಲಿ ನಾನಿರುವುದು ಬೆಂಗಳೂರಿನಲ್ಲಿ. 2022ರಲ್ಲಿ ಟಾಮ್‌ಟಾಮ್ ಕಂಪನಿಯವರು ಊರೂರಿನ ಟ್ರಾಫಿಕ್ ಅಳೆದಾಗ ಇಲ್ಲಿ ಹತ್ತು ಕಿಲೋಮೀಟರ್ ದಾಟಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಗಂಟೆಗೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಆ ವೇಗಕ್ಕೆ 374 ಕುದುರೆ ಬೇಡ. ಒಂದು ಸಾಕು, ಅದು ಜಟಕಾ ಕುದುರೆಯಾದರೂ ನಡೆಯುತ್ತದೆ.

ಇನ್ನು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪ್ ಎಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ; ಇಪ್ಪತ್ತೈದರ ವೇಗದಲ್ಲಿ ಹೊಟ್ಟೆಯ ನೀರು ಅಲುಗದಂತೆ ದಾಟುವಂತಿರಬೇಕು. ನಮ್ಮ ಬಡಾವಣೆಯ ಹಂಪಿನ ಶಿಲ್ಪಿ ಬೇರೆ. ಮನೆ ಕಟ್ಟಿ ಮುಗಿದ ಮೇಲೆ ಉಳಿದ ಕಾಂಕ್ರೀಟನ್ನು ಎಲ್ಲಿ ಸುರಿಯುವುದೆಂದು ತಿಳಿಯದೆ ಬೀದಿಗೆ ಅಡ್ಡಲಾಗಿ ಸುರಿದ ಗೃಹಸ್ಥರು ಅವರು. ನನ್ನ ಸೆಡಾನು ನೆಲಕ್ಕೆ ಹತ್ತಿರ. ಹಂಪು ಬಂದಾಗಲೆಲ್ಲ ಕೆಳಗಿನಿಂದ ಕರ್ರ್ ಎಂದು ದೋಸೆ ಕಾವಲಿ ಕೆರೆದ ಸದ್ದು. ಅದು ನನ್ನ ಎದೆಯನ್ನೇ ಕೆರೆಯುತ್ತಿತ್ತು. ಕೊನೆಗೊಂದು ಉಪಾಯ ಕಂಡುಕೊಂಡೆ. ಹಂಪಿನ ಹತ್ತಿರ ಗಾಡಿ ನಿಲ್ಲಿಸಿ ಹೆಂಡತಿಗೆ, "ಸ್ವಲ್ಪ ಇಳಿ, ತೂಕ ಕಮ್ಮಿಯಾದ್ರೆ ಗಾಡಿ ಅರ್ಧ ಇಂಚು ಮೇಲೇಳುತ್ತೆ" ಅನ್ನುತ್ತಿದ್ದೆ. ಅವಳು ಇಳಿದು, ಹಂಪು ದಾಟಿ ಆಚೆ ನಿಂತಿರುತ್ತಿದ್ದಳು. ಮನೆಯಿಂದ ಮುಖ್ಯರಸ್ತೆಗೆ ಐದು ಹಂಪು. ರೇಷ್ಮೆ ಸೀರೆ ಉಟ್ಟು ಐದು ಸಲ ಇಳಿದು ಹತ್ತಿದ ಒಂದು ಸಂಜೆ ಅವಳು, "ರೀ, ಇಷ್ಟು ನಡೆದಿದ್ರೆ ಮೆಟ್ರೋ ಸ್ಟೇಷನ್ ಬಂದಿರ್ತಿತ್ತು" ಅಂದಳು. ನಾನು ಕೇಳಿಸದವನಂತೆ ಹಾಡು ಹಾಕಿದೆ.

ಆಮೇಲೆ ಒಂದು ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯೊಂದು ಎರಡು ಟೈರನ್ನು ಒಟ್ಟಿಗೆ ನುಂಗಿತು. ಸ್ಟೆಪ್ನಿ ಇಲ್ಲದ ಕಾರದು, ಇದ್ದರೂ ಎರಡಕ್ಕೆ ಒಂದು ಸಾಲದು. ಬಿಲ್ಲು ನೋಡಿ ನಾನು ಸುಮ್ಮನಾದೆ. ಆ ರಾತ್ರಿಯೇ ಲೆಕ್ಕ ಹಾಕಿದ್ದು.

ಅದೇ ದಿನಗಳಲ್ಲಿ ನನಗೆ ಜ್ಞಾನೋದಯವಾಯಿತು. ಬುದ್ಧನಿಗೆ ಅರಳಿಮರದ ಕೆಳಗೆ ಆದದ್ದು ನನಗೆ ಮೊಬೈಲಿನ ಬೆಳಕಿನಲ್ಲಿ ಆಯಿತು. 1976ರಲ್ಲಿ ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್‌ನವರು ಗಾಲ್ಫ್ ಜಿಟಿಐ ಎಂಬ ಕಾರು ಮಾರಾಟಕ್ಕೆ ತಂದರು. ತರಕಾರಿ ತರುವ ಡಬ್ಬದಂಥ ಕಾರಿಗೆ 1.6 ಲೀಟರಿನ, 110 ಪಿಎಸ್ ಎಂಜಿನ್. ಭಾರ ಸುಮಾರು 810 ಕೆಜಿ. ಗೇರಿನ ಗುಂಡು ಗಾಲ್ಫ್ ಚೆಂಡಿನಂತೆ, ಸೀಟಿಗೆ ಸ್ಕಾಟ್ಲೆಂಡಿನ ಚೌಕಳಿ ಬಟ್ಟೆ. ಎರಡೂ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಎಂಬ ಮಹಿಳೆಯ ಕಲ್ಪನೆ. ಐದು ಸಾವಿರ ಮಾಡಿ ನಿಲ್ಲಿಸೋಣ ಎಂದುಕೊಂಡಿದ್ದರು, ಮೊದಲ ತಲೆಮಾರಿನಲ್ಲೇ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಮಾರಾಟವಾಯಿತು. ಅದಕ್ಕೂ ಮೊದಲು, 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್ ಎಂಬಾತ ಬೆಂಕಿಪೆಟ್ಟಿಗೆಯಂಥ ಮಿನಿ ಕೂಪರ್ ಓಡಿಸಿಕೊಂಡು ಹೋಗಿ, ಅದಕ್ಕಿಂತ ಎಷ್ಟೋ ದೊಡ್ಡ ಎಂಜಿನ್ನಿನ ಕಾರುಗಳ ನಡುವೆ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದಿದ್ದ. 1984ರಲ್ಲಿ ಬಂದ ಪೂಜೋ 205 ಜಿಟಿಐ ತಿರುವಿನ ನಡುವೆ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದರೆ ಹಿಂಭಾಗವನ್ನೇ ಮುಂದೆ ತರಲು ಹೊರಡುತ್ತಿತ್ತು; ಜನ ಅದಕ್ಕೇ ಅದನ್ನು ಪ್ರೀತಿಸಿದರು. ಈ ಜಾತಿಗೆ ಹಾಟ್ ಹ್ಯಾಚ್ ಎಂದು ಹೆಸರು. ಕನ್ನಡಕ್ಕೆ ತಂದರೆ 'ಬಿಸಿ ಡಿಕ್ಕಿ' ಆಗುತ್ತದೆ. ವಿಮೆಯವರ ಕಿವಿಗೆ ಬೀಳದಂತೆ ಹೇಳಬೇಕಾದ ಮಾತು.

ನಮ್ಮಲ್ಲಿ ಈ ಸಂತತಿ ಬಡಕಲು. 2006ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳಿಗೆ ಸುಂಕ ಇಳಿಸುವಾಗ, ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ ದಾಟಬಾರದು ಎಂದು ಗೆರೆ ಎಳೆದರು. ಎಂಜಿನ್ನುಗಳೆಲ್ಲ ಆ ಗೆರೆಯೊಳಗೆ ಮೈ ಮುದುಡಿಕೊಂಡು ಕೂತವು. ನಡುವೆ 2015ರಲ್ಲಿ 145 ಪಿಎಸ್ಸಿನ ಅಬಾರ್ತ್ ಪುಂಟೋ ಬಂತು, ಮರುವರ್ಷ ಮೂರೇ ಬಾಗಿಲಿನ ಪೋಲೋ ಜಿಟಿಐ ಬಂತು. ಕೊಂಡವರು ಕೊಂಡರು, ಕೊಳ್ಳದವರು ಇವತ್ತಿಗೂ ಅದರ ಮಾತಾಡುತ್ತಾರೆ. ನನಗೆ ಸಿಕ್ಕಿದ್ದು ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ, 120 ಪಿಎಸ್, ಸುಮಾರು 1,100 ಕೆಜಿ. ಕೈಗೇರು, ಆರು.

"ನೋಡು," ಹೆಂಡತಿಯನ್ನು ಕೂರಿಸಿಕೊಂಡು ಕಾಗದದ ಮೇಲೆ ಬರೆದು ತೋರಿಸಿದೆ, "ಮುಖ್ಯ ಆಗೋದು ಪವರ್ ಟು ವೇಯ್ಟ್. ಶಕ್ತಿಯನ್ನ ತೂಕದಿಂದ ಭಾಗಿಸಬೇಕು. ಹಳೇದಕ್ಕೆ ಟನ್ನಿಗೆ 214. ಆ ಗಾಲ್ಫಿಗೆ 136. ನಮ್ಮದಕ್ಕೆ 109."

"ಹಾಗಾದ್ರೆ ಅರ್ಧ ಆಯ್ತಲ್ಲ?"

"ಅಂಕಿ ಮುಖ್ಯ ಅಲ್ಲ, ಹಗುರ ಮುಖ್ಯ. ಸಣ್ಣ ಗಾಡಿ, ಮೂರೇ ಸಿಲಿಂಡರು, ಕೈಯಲ್ಲಿ ಗೇರು, ರಸ್ತೆ ನೇರವಾಗಿ ಬೆರಳಿಗೆ ಮುಟ್ಟುತ್ತೆ."

ಅವಳು ಬಟಾಣಿ ಸುಲಿಯುತ್ತಿದ್ದಳು. "ಸಣ್ಣ ಗಾಡಿ, ಮೂರು ಸಿಲಿಂಡರು, ಕೈಯಲ್ಲಿ ಗೇರು. ನಮ್ಮಪ್ಪನ ಮಾರುತಿ 800 ಅದೇ ತಾನೆ? ನಾನು ಅದರಲ್ಲೇ ಡ್ರೈವಿಂಗ್ ಕಲಿತಿದ್ದು. ನೀವು ತಗಡಿನ ಡಬ್ಬ ಅಂತ ಮಾರಿಸಿದ್ರಿ."

796 ಸಿಸಿ, ಮೂರು ಸಿಲಿಂಡರು, ಸುಮಾರು 650 ಕೆಜಿ. ಚಾಪ್‌ಮನ್ ನೋಡಿದ್ದರೆ ಹರಸುತ್ತಿದ್ದನೇನೋ. ಈ ವಿಷಯ ನಾನು ಮುಂದುವರಿಸಲಿಲ್ಲ.

ಮೊದಲ ತಿಂಗಳು ನನ್ನ ಎಡಗಾಲಿನ ತಿಂಗಳು. ಆರು ವರ್ಷ ಆಟೋಮ್ಯಾಟಿಕ್ ಓಡಿಸಿದವನ ಎಡಗಾಲು ನಿವೃತ್ತ ಸರ್ಕಾರಿ ನೌಕರನ ಹಾಗೆ, ಪೆನ್ಷನ್ನಿನಲ್ಲಿ ಹಾಯಾಗಿರುತ್ತದೆ. ಅದನ್ನು ಥಟ್ಟನೆ ಮತ್ತೆ ಕೆಲಸಕ್ಕೆ ಕರೆದರೆ ಬರುತ್ತದೆಯೇ? ಸಿಲ್ಕ್ ಬೋರ್ಡಿನ ಒಂದೇ ಸಿಗ್ನಲ್ಲಿನಲ್ಲಿ ಮೂರು ಸಲ ಎಂಜಿನ್ ಆಫ್. ಮೂರನೆಯ ಸಲ ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, "ಸಾರ್, ಎಲ್ ಬೋರ್ಡ್ ಹಾಕ್ಕೊಳ್ಳಿ, ಯಾರೂ ಏನೂ ಅನ್ನಲ್ಲ" ಅಂದ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಹೆಚ್ಚು ನೋವಾಗಿದ್ದು.

ಕೆಂಪು ಪಟ್ಟಿ ಕಂಡು ಬೈಕಿನ ಹುಡುಗರು ಪಕ್ಕಕ್ಕೆ ಬಂದು ನಿಲ್ಲುತ್ತಿದ್ದರು. ಎಂಜಿನ್ನು ಮೊರೆಸುತ್ತ ಒಳಗೆ ಇಣುಕುತ್ತಿದ್ದರು. ನನ್ನ ಮುಖ, ಮುಖದ ಮೇಲಿನ ಓದುವ ಕನ್ನಡಕ, ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿದ ಜಿಎಸ್‌ಟಿ ಫೈಲುಗಳ ಕಟ್ಟು ಕಂಡೊಡನೆ, "ಸಾರಿ ಅಂಕಲ್" ಅಂದು ಮುಂದಿನ ಕಾರಿನ ಹತ್ತಿರ ಹೋಗುತ್ತಿದ್ದರು. ಕಲ್ಯಾಣ ಮಂಟಪದ ಪಾರ್ಕಿಂಗಿನ ಹುಡುಗರು ಈಗಲೂ ಸೀಟಿ ಊದುತ್ತಾರೆ, ಊದುವ ರೀತಿ ಬೇರೆ. ವರನ ಕಾರಿನ ಪಕ್ಕದಿಂದ ನನ್ನನ್ನು ಹಿತ್ತಲ ಕಡೆಗೆ, ಜನರೇಟರಿನ ಪಕ್ಕ, ಅಡುಗೆಯವರು ಕೊಪ್ಪರಿಗೆ ತೊಳೆಯುವ ಜಾಗಕ್ಕೆ ಕಳಿಸಿದರು. ಅದರಲ್ಲೊಂದು ಲಾಭ ಇತ್ತು. ಬಿಸಿ ಹೋಳಿಗೆ ಮೊದಲು ಸಿಕ್ಕಿದ್ದು ನನಗೆ. ಐದು ತಿಂದೆ. ಗಾಲ್ಫಿನ ಎಂಜಿನಿಯರುಗಳು ಒಂದೊಂದು ಕೆಜಿಗೂ ಪರದಾಡಿದರೆಂದು ನಾನೇ ಹೆಂಡತಿಗೆ ಉಪದೇಶ ಮಾಡಿದ್ದ ವಾರವದು.

ಆದರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳುತ್ತೇನೆ: ಕಾರು ಚೆನ್ನಾಗಿತ್ತು. ಐದು ಹಂಪೂ ಕೆರೆಯದೆ ದಾಟಿದವು. ಬಸವನಗುಡಿಯ ಅಡ್ಡರಸ್ತೆಯಲ್ಲಿ ಎರಡು ಸ್ಕೂಟರುಗಳ ನಡುವಿನ ಜಾಗದಲ್ಲಿ ನಿಂತಿತು. ಹೆಂಡತಿ ಸೀರೆ ನೆರಿಗೆ ಹಾಳಾಗದೆ ಮನೆಯಿಂದ ಮುಖ್ಯರಸ್ತೆ ತಲುಪಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಆದರೆ ಹಗುರ ಕಾರು ಕೊಂಡವನ ತಲೆಯಲ್ಲಿ ಒಂದು ಹುಳ ಸೇರಿಕೊಳ್ಳುತ್ತದೆ: ಘಾಟಿ.

ನಮ್ಮದು ತೀರ್ಥಹಳ್ಳಿ ಕಡೆ. ಅಮ್ಮ ಅಲ್ಲೇ ಇದ್ದಾಳೆ. ಅಕ್ಕನನ್ನು ಕೊಟ್ಟದ್ದು ಘಟ್ಟದ ಕೆಳಗೆ, ಹೆಬ್ರಿಗೆ. ನಡುವೆ ಆಗುಂಬೆ. ಸುಮಾರು 640 ಮೀಟರ್ ಎತ್ತರದ ಊರಿನಿಂದ ಸೋಮೇಶ್ವರಕ್ಕೆ ದೊಪ್ಪನೆ ಬೀಳುವ ರಸ್ತೆ, ಹದಿನಾಲ್ಕು ಹಿಮ್ಮುರಿ ತಿರುವು. ಭಾರಿ ವಾಹನಗಳಿಗೆ ಪ್ರವೇಶವಿಲ್ಲ, ಮಿನಿಬಸ್ಸುಗಳದ್ದೇ ರಾಜ್ಯಭಾರ. ತಿರುವಿನ ಕಟ್ಟೆಗಳ ಮೇಲೆ ಮಂಗಗಳು ಸಾಲಾಗಿ ಕೂತು ಬಂದುಹೋಗುವವರ ಡ್ರೈವಿಂಗನ್ನು ಮೌಲ್ಯಮಾಪನ ಮಾಡುತ್ತಿರುತ್ತವೆ. ಮೇ ತಿಂಗಳಲ್ಲಿ ಅಕ್ಕನ ಮೊಮ್ಮಗುವಿನ ನಾಮಕರಣ. ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ?

ಇಳಿಯುವಾಗ ಕಾರಿನಲ್ಲಿ ಮೂವರೇ. ನಾನು, ಹೆಂಡತಿ, ಹಿಂದೆ ಅಮ್ಮ. ಆಹಾ, ಆ ಇಳಿತ! ಹಿಂದಿನ ಕಾರಿನಲ್ಲಿ ತಿರುವುಗಳನ್ನು ಕಾರೇ ತೆಗೆದುಕೊಳ್ಳುತ್ತಿತ್ತು, ನಾನು ಸಾಕ್ಷಿಯಾಗಿ ಕೂತಿರುತ್ತಿದ್ದೆ. ಇಲ್ಲಿ ಎರಡನೆಯ ಗೇರು, ಸ್ಟೀರಿಂಗು, ಬ್ರೇಕು, ಮತ್ತೆ ಗೇರು. ಮಾಂಟೆ ಕಾರ್ಲೋ ಎದುರಿಗೇ ಕಾಣಿಸತೊಡಗಿತು. ಹನ್ನೊಂದನೆಯ ತಿರುವಿನಲ್ಲಿ ಹಿಂದಿನಿಂದ ಅಮ್ಮ, "ಎಂತ ಮಾರಾಯ, ಹಸುಗೂಸು ನೋಡಕ್ಕೆ ಹೋಗ್ತಿರದು, ಹೆರಿಗೆ ಮಾಡ್ಸಕ್ಕಲ್ಲ" ಅಂದಳು. ನಾನು ಹ್ಹೆಹ್ಹೆ ಎಂದು ನಕ್ಕೆ. ಮಂಗಗಳ ಮುಖದಲ್ಲಿ ಮೆಚ್ಚುಗೆ ಕಂಡಂತಾಯಿತು.

ತೊಂದರೆ ಶುರುವಾದದ್ದು ಊಟವಾದ ಮೇಲೆ, ಹೊರಡುವ ಹೊತ್ತಿಗೆ. ನಮ್ಮ ಕಡೆಯ ಒಂದು ಮಾತಿದೆ, ಅದರ ಮುಂದೆ ಜಗತ್ತಿನ ಯಾವ ಕಾರಿನ ಎಂಜಿನಿಯರಿಂಗೂ ನಿಲ್ಲುವುದಿಲ್ಲ: "ಕಾರು ಖಾಲಿ ಹೋಗ್ತದಲ್ಲ!"

ಖಾಲಿ ಹೋಗುವುದೆಂದರೆ ನಮ್ಮ ಜನರಿಗೆ ಆಗದು. ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದ ಸೋದರಮಾವ ಮತ್ತು ಅತ್ತೆ ಹಿಂದಿನ ಸೀಟಿಗೆ ಹತ್ತಿದರು. ಸುಲಿದ ತೆಂಗಿನಕಾಯಿ ಇಪ್ಪತ್ತೈದು. ಕುಚ್ಚಲಕ್ಕಿ ಒಂದು ಚೀಲ. ಮಟ್ಟುಗುಳ್ಳ ಒಂದು ಬುಟ್ಟಿ, ಅದು ಬೇರೆ ಊರಲ್ಲಿ ಆಗುವುದಿಲ್ಲ ಎಂಬ ವಿವರಣೆ ಸಮೇತ. ಮಿಡಿ ಉಪ್ಪಿನಕಾಯಿಯ ಭರಣಿ, ಬಾಯಿಗೆ ಬಟ್ಟೆ ಕಟ್ಟಿದ್ದು. ನಾಮಕರಣದ ಹಯಗ್ರೀವ ಉಳಿದದ್ದು. ಹಲಸಿನಕಾಯಿ ಎರಡು. ಡಿಕ್ಕಿ ಒಂದನ್ನು ನುಂಗಿ ಬಾಯಿ ಮುಚ್ಚಲಾರದೆ ನಿಂತಿತು. ಭಾವ ಮೊಣಕಾಲು ಕೊಟ್ಟು ಮುಚ್ಚಿದರು. ಇನ್ನೊಂದನ್ನು ಮಾವ ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡರು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾನು 94. ಅಮ್ಮ 58. ಮಾವ 88, ಎಲೆಯಡಿಕೆ ಸಂಚಿ ಸೇರಿ. ಅತ್ತೆ 70. ಸರಕು 75. ಹೆಂಡತಿಯ ತೂಕ ಗೋಪ್ಯ ದಾಖಲೆ, ಅಂದಾಜಿನಲ್ಲಿ ಸೇರಿಸಿದ್ದೇನೆ. ಒಟ್ಟು 450ರ ಆಸುಪಾಸು. 1,100ಕ್ಕೆ 450 ಕೂಡಿ, 120ನ್ನು ಭಾಗಿಸಿ: ಟನ್ನಿಗೆ 77. ಇರಲಿ, ಅಪ್ಪನ ಪ್ರೀಮಿಯರ್ ಪದ್ಮಿನಿ ಇಷ್ಟೂ ಇರಲಿಲ್ಲ. 1,089 ಸಿಸಿ, ನಲವತ್ತು ಚಿಲ್ಲರೆ ಕುದುರೆ, ಏಳು ಜನ, ತಲೆಯ ಮೇಲೆ ಕ್ಯಾರಿಯರು, ಅದರ ಮೇಲೆ ಬಾಳೆಗೊನೆ. ಟನ್ನಿಗೆ ಮೂವತ್ತರ ಮೇಲೆ ಹೋಗಿರಲಾರದು. ಇದೇ ಘಾಟಿ ಹತ್ತುತ್ತಿತ್ತು. ಅಪ್ಪ ಹತ್ತಿಸುತ್ತಿದ್ದರು ಅನ್ನಬೇಕು. ಸ್ಟೀರಿಂಗಿನ ಪಕ್ಕದ ಗೇರುಕಡ್ಡಿಯನ್ನು ತಿರುವಿಗೆ ಮೊದಲೇ ಒಂದನೆಯದಕ್ಕೆ ಎಳೆದು, "ಗಾಡಿ ಕೇಳೋ ಮುಂಚೆ ಕೊಡಬೇಕು, ಕೇಳಿದ ಮೇಲೆ ಕೊಟ್ರೆ ಅದು ಭಿಕ್ಷೆ" ಅನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತು ಸಾವಿರ ಸಲ ಕೇಳಿದ ಮಾತು. ಬೇಕಾದ ದಿನ ನೆನಪಾಗಲಿಲ್ಲ.

ಇಲ್ಲೊಂದು ಯಂತ್ರವಿಷಯ ಹೇಳಲೇಬೇಕು. ಟರ್ಬೊ ಎಂದರೆ ಎಂಜಿನ್ ಉಗುಳುವ ಹೊಗೆಯಿಂದಲೇ ತಿರುಗುವ ಒಂದು ಸಣ್ಣ ಚಕ್ರ. ಅದು ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ, ಆಗ ಒಂದು ಲೀಟರು ಒಂದೂವರೆ ಲೀಟರಿನ ಕೆಲಸ ಮಾಡುತ್ತದೆ. ಆದರೆ ಎಂಜಿನ್ ನಿಧಾನವಾಗಿದ್ದರೆ ಹೊಗೆ ಕಮ್ಮಿ, ಹೊಗೆ ಕಮ್ಮಿಯಾದರೆ ಚಕ್ರ ತೂಕಡಿಕೆಯಲ್ಲಿ. ಸಾವಿರದೈನೂರು ಸುತ್ತಿನ ಕೆಳಗೆ ನಿಮ್ಮ ಹಾಟ್ ಹ್ಯಾಚು ಬರೀ ಒಂದು ಲೀಟರಿನ ಬಡಪಾಯಿ. ಹಿಂದಿನ ಕಾರಿನಲ್ಲಿ ಆರು ಸಿಲಿಂಡರುಗಳು, ಎಂಟು ಗೇರುಗಳ ಆಟೋಮ್ಯಾಟಿಕ್ಕು ಸೇರಿ ನನ್ನ ಎಲ್ಲ ತಪ್ಪನ್ನೂ ಸದ್ದಿಲ್ಲದೆ ತಿದ್ದಿಬಿಡುತ್ತಿದ್ದವು, ಒಳ್ಳೆಯ ಗುಮಾಸ್ತ ಆಡಿಟರಿನ ತಪ್ಪು ತಿದ್ದುವ ಹಾಗೆ. ಆರು ವರ್ಷ ಅದನ್ನು ನನ್ನ ಡ್ರೈವಿಂಗು ಅಂದುಕೊಂಡಿದ್ದೆ.

ಕೆಳಗಿನ ಮೂರು ತಿರುವು ವೇಗದ ಬಲದಲ್ಲಿ ದಾಟಿದವು. ನಾಲ್ಕನೆಯದರಲ್ಲಿ ಮೇಲಿನಿಂದ ಒಂದು ಜೀಪು ಇಳಿದು ಬಂತು. ನಿಧಾನ ಮಾಡಿದೆ. ಜೀಪು ಹೋಯಿತು. ಎರಡನೆಯ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದೆ. ಕಾರು ಮಗ್ಗಿ ಮರೆತ ಹುಡುಗನ ಹಾಗೆ ಮ್, ಮ್, ಮ್ ಅಂದು ನಿಂತಿತು. ಎಂಜಿನ್ ಆಫ್.

ಮತ್ತೆ ಹಾಕಿದೆ. ಗಾಬರಿಯಲ್ಲಿ ಮತ್ತೆ ಎರಡನೆಯದು. ಆಫ್. ಮೂರನೆಯ ಸಲ ಕ್ಲಚ್ಚನ್ನು ಅರ್ಧ ಹಿಡಿದು ಒತ್ತಿದೆ. ಕಾರು ಮುಂದೆ ಹೋಗುವ ಬದಲು ಹಿಂದಕ್ಕೆ ಒಂದಡಿ ಜಾರಿತು. ಡಿಕ್ಕಿಯೊಳಗೆ ಇಪ್ಪತ್ತೈದು ತೆಂಗಿನಕಾಯಿ ಒಟ್ಟಿಗೆ ಹೊರಳಿದವು. ಭರಣಿ ಮಗುಚಿದ್ದು ಆಗಲೇ ಇರಬೇಕು. ಸುಟ್ಟ ಕ್ಲಚ್ಚಿನ ವಾಸನೆ, ಮಿಡಿ ಉಪ್ಪಿನಕಾಯಿಯ ವಾಸನೆ ಸೇರಿ ಯಾವ ಪಾಕಶಾಸ್ತ್ರದಲ್ಲೂ ಇಲ್ಲದ ಒಗ್ಗರಣೆ ಎದ್ದಿತು. ಮಾವ ಹಲಸಿನಕಾಯಿಯನ್ನು ಅಪ್ಪಿಕೊಂಡು ವಿಷ್ಣು ಸಹಸ್ರನಾಮ ಶುರು ಮಾಡಿದರು. ಹೆಂಡತಿ ಮಾತ್ರ ಶಾಂತವಾಗಿ, "ಒಂದನೇ ಗೇರ್ ಹಾಕ್ರಿ" ಅಂದಳು.

"ನನಗೆ ಗೊತ್ತು" ಅಂದು ಮೂರನೆಯದಕ್ಕೆ ಹಾಕಿದೆ. ಕೈ ನಡುಗುತ್ತಿತ್ತು.

ಹಿಂದೆ ಒಂದು ಮಿನಿಬಸ್ಸು ಬಂದು ನಿಂತಿತು. ಕಂಡಕ್ಟರ್ ಇಳಿದು, ಒಂದು ಮಾತೂ ಕೇಳದೆ, ರಸ್ತೆ ಬದಿಯಿಂದ ಒಳ್ಳೆಯ ಒಂದು ಕಲ್ಲು ಆರಿಸಿ ತಂದು ಹಿಂದಿನ ಚಕ್ರಕ್ಕೆ ಕೊಟ್ಟ. ಆಮೇಲೆ ಬಾನೆಟ್ಟಿನ ಹತ್ತಿರ ಮೂಗು ತಂದು ಮೂಸಿ, "ಕ್ಲಚ್ ಕಾದಿದೆ. ಸ್ವಲ್ಪ ಹೊತ್ತು ಬಿಡಿ. ಲೋಡ್ ಜಾಸ್ತಿ ಉಂಟು ಮಾರಾಯ್ರೇ, ಜನ ಇಳ್ಸಿ" ಅಂದ.

ಮೊದಲು ಮಾವ ಇಳಿದರು, ಸಹಸ್ರನಾಮ ನಿಲ್ಲಿಸದೆ. ಅತ್ತೆ ಇಳಿದರು. ಅಮ್ಮ ಇಳಿದು, ಕಾರಿನ ಕೆಂಪು ಪಟ್ಟಿಯನ್ನು ಒಮ್ಮೆ ನೋಡಿ, "ಅಪ್ಪಯ್ಯನ ಪದ್ಮಿನಿ ಇದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಪೂರ್ತಿ ಹೇಳಿದ್ದರೆ ಸಹಿಸಿಕೊಳ್ಳಬಹುದಿತ್ತು. ಮೂವರೂ ಬಸ್ಸು ಹತ್ತಿದರು. ಬಸ್ಸಿನವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಕಟ್ಟೆಯ ಮೇಲಿದ್ದ ಮಂಗಗಳು ಹತ್ತಿರ ಸರಿದು ಕೂತವು. ಬೆಳಿಗ್ಗೆ ಮೆಚ್ಚಿದ್ದವು ಇವೇ ಇರಬೇಕು.

ನಾನು ಮತ್ತೆ ಸೀಟಿಗೆ ಇಳಿಯಲು ಹೊರಟೆ. ಹೆಂಡತಿ ಸುತ್ತಿಬಂದು ಡ್ರೈವರ್ ಬಾಗಿಲ ಹತ್ತಿರ ನಿಂತಿದ್ದಳು.

"ರೀ, ನೀವೂ ಬಸ್ಸಿಗೆ ಹತ್ತಿ."

"ಯಾಕೆ?"

"ಪವರ್ ಟು ವೇಯ್ಟು. ನೀವು 94 ಅಲ್ವಾ." ಆಮೇಲೆ, ಬಹಳ ಮೆತ್ತಗೆ: "ಹಂಪ್ ಬಂದಾಗ ನಾನು ಇಳೀತಿರಲಿಲ್ವಾ?"

ಆಡಿಟ್‌ನಲ್ಲಿ ಮೂವತ್ತು ವರ್ಷ ಸವೆಸಿದ್ದೇನೆ. ಆಕ್ಷೇಪಣೆಗೆ ಜಾಗವಿಲ್ಲದ ಲೆಕ್ಕ ಕಂಡರೆ ಗೊತ್ತಾಗುತ್ತದೆ. ಕೀಲಿ ಕೊಟ್ಟೆ. ಅವಳು ಸೀಟು ಮುಂದೆಳೆದುಕೊಂಡಳು, ಕನ್ನಡಿ ಸರಿಮಾಡಿಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಒಂದನೆಯ ಗೇರು ಹಾಕಿದಳು. ಕಂಡಕ್ಟರ್ ಕಲ್ಲು ತೆಗೆದು "ರೈಟ್!" ಅಂದ. ಕಾರು ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹೋಯಿತು.

ಬಸ್ಸಿನಲ್ಲಿ ಸೀಟಿರಲಿಲ್ಲ. ಡ್ರೈವರಿನ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೆ ಕೂರಿಸಿದರು. ಮಾವ ಹಿಂದಿನಿಂದ ಕೈಗೆ ಕೈ ದಾಟಿಸಿ ಹಲಸಿನಕಾಯಿಯನ್ನು ನನ್ನ ತೊಡೆಗೆ ಕಳಿಸಿದರು. ಮುಂದಿನ ಗಾಜಿನಲ್ಲಿ ನನ್ನ ಕಾರು ಕಾಣಿಸುತ್ತಿತ್ತು. ಒಂದು ತಿರುವು ಮೇಲೆ, ಆಮೇಲೆ ಎರಡು ತಿರುವು ಮೇಲೆ, ಹಸಿರಿನ ನಡುವೆ ಕೆಂಪು ಪಟ್ಟಿ ಮಿಂಚಿ ಮರೆಯಾಗುತ್ತ. ಕೊಂಡ ಮೇಲೆ ಅದರ ಸದ್ದನ್ನು ಹೊರಗೆ ನಿಂತು ಕೇಳಿದ್ದು ಅದೇ ಮೊದಲು. ಮೂರು ಸಿಲಿಂಡರಿನ ಆ ಒರಟು ಗುಟುರು, ಗೇರು ಬದಲಿಸಿದಾಗಿನ ಆ ಒಂದು ಚಿಟಿಕೆ ಮೌನ, ಮತ್ತೆ ಏರುವ ದನಿ. ಏನು ಚಂದ ಓಡುತ್ತಿತ್ತು!

"ಯಾರದು ಅದು ಗಾಡಿ ಬಿಡ್ತಿರೋದು? ಭಾರಿ ಉಂಟು" ಎಂದ ನಮ್ಮ ಡ್ರೈವರ್, ಗೇರು ಒಂದನೆಯದಕ್ಕೆ ಹಾಕುತ್ತ. ತಿರುವು ಇನ್ನೂ ಹತ್ತು ಹೆಜ್ಜೆ ದೂರವಿತ್ತು.

ಕಂಡಕ್ಟರ್ ಟಿಕೆಟ್ ಹರಿದ. ಅಮ್ಮನದು, ಮಾವನದು, ಅತ್ತೆಯದು, ನನ್ನದು. "ಹಲಸಿನಕಾಯಿಗೆ ಲಗೇಜಾ?" ಎಂದು ಕೇಳಿದೆ, ಲೆಕ್ಕ ಸರಿಯಾಗಿರಲಿ ಎಂದು.

"ಅದಕ್ಕೆ ಬೇಡ" ಅಂದ ಅವನು, ಬಸ್ಸಿನ ಎಡಪಕ್ಕ, ಬಲಪಕ್ಕ ಎರಡನ್ನೂ ಒಮ್ಮೆ ನೋಡಿ. "ನೀವು ಮಾತ್ರ ಸ್ವಲ್ಪ ಈಚೆ ಸರೀರಿ ಮಾರಾಯ್ರೇ. ಗಾಡಿ ಒಂದೇ ಕಡೆ ವಾಲ್ತಾ ಉಂಟು."